ಹೊತ್ತು ತಪ್ಪದ ಸದ್ದು: ಡಿಜೆ ಮತ್ತು ಮ್ಯೂಸಿಕ್ ಪ್ರೊಡಕ್ಷನ್‌ಗೆ ಮನೆಯ ಕಂಪ್ಯೂಟರನ್ನು ಸಜ್ಜು ಮಾಡುವ ಸಮಗ್ರ ಮಾರ್ಗದರ್ಶಿ

ಡಿಜೆ ಮಾಡಬೇಕು, ಸ್ವಂತ ಟ್ರ್ಯಾಕ್ ಕಟ್ಟಬೇಕು ಎಂದು ಮನಸ್ಸು ಮಾಡಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಅಣ್ಣ, ಐ5 ಸಾಕಾ, ಐ7 ಬೇಕಾ?" ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿಯಲ್ಲೂ ಅದೇ, ಶಿಡ್ಲಘಟ್ಟ, ಗೌರಿಬಿದನೂರಲ್ಲೂ ಅದೇ. ಆದರೆ ಗಣೇಶನ ಮೆರವಣಿಗೆ ನಡುವೆ ಹಾಡು ಟರ್ರೆಂದು ಮುರಿದು ಬಿದ್ದರೆ ಪ್ರೊಸೆಸರನ್ನು ಬೈದು ಪ್ರಯೋಜನವಿಲ್ಲ. ಬಹಳಷ್ಟು ಸಲ ವೈಫೈ ಡ್ರೈವರೋ, ಪವರ್ ಸೆಟ್ಟಿಂಗೋ, ಯಾರಿಗೂ ಹೇಳದೆ ಹಿಂದೆ ಶುರುವಾದ ಅಪ್‌ಡೇಟೋ ಅದಕ್ಕೆ ಕಾರಣವಾಗಿರುತ್ತದೆ. ಸದ್ದಿನ ಕೆಲಸಕ್ಕೆ ವೇಗ ತುಸು ಕಡಿಮೆಯಾದರೂ ನಡೆಯುತ್ತದೆ, ಹೊತ್ತು ಮಾತ್ರ ತಪ್ಪಬಾರದು. ಖರೀದಿಯಿಂದ ಮೊದಲ ಕಾರ್ಯಕ್ರಮದವರೆಗೆ ಪ್ರತಿ ಹೆಜ್ಜೆಯಲ್ಲೂ ನೋಡಬೇಕಾದದ್ದು ಇದನ್ನೇ.

ಲ್ಯಾಪ್‌ಟಾಪ್ ಆರಿಸುವುದು

ಹೊಸದಕ್ಕೆ ದುಡ್ಡು ಸಾಲದಿದ್ದರೆ ಬೇಜಾರು ಬೇಡ. ಬೆಳಿಗ್ಗೆ ಬಸ್ಸು ಹತ್ತಿದರೆ ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತಿ ಸಂಜೆಗೆ ಮನೆಗೆ ಬರಬಹುದು. ಕಂಪನಿಗಳು ಬಳಸಿ ಬಿಟ್ಟ ಗಟ್ಟಿಮುಟ್ಟಾದ ಲ್ಯಾಪ್‌ಟಾಪ್‌ಗಳು ಅಲ್ಲಿ ಸಿಗುತ್ತವೆ. ಇಂಟೆಲ್ ಆದರೆ 8ನೇ ಜನರೇಷನ್‌ಗಿಂತ ಹಳೆಯದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅದಕ್ಕಿಂತ ಹಳೆಯ ಇಂಟೆಲ್ ಚಿಪ್‌ಗಳನ್ನು ಹೆಚ್ಚುಕಡಿಮೆ ಒಪ್ಪುವುದೇ ಇಲ್ಲ. ಅಂಗಡಿಯವರು "ಐ7" ಅಂತ ಹೇಳಿ ಸುಮ್ಮನಾಗುತ್ತಾರೆ. ಎಷ್ಟನೇ ಜನರೇಷನ್ ಎಂದು ನೀವೇ ಬಾಯಿಬಿಟ್ಟು ಕೇಳಿ, ಸಿಸ್ಟಂ ಸೆಟ್ಟಿಂಗ್ಸ್ ತೆರೆಸಿ ಕಣ್ಣಾರೆ ನೋಡಿ.

ಬರೀ ಡಿಜೆಗೆ 8 ಜಿಬಿ ರ‍್ಯಾಮ್ ನಡೆಯುತ್ತದೆ. ಟ್ರ್ಯಾಕ್ ಕಟ್ಟುವವರಿಗೆ 16 ಜಿಬಿ ಬೇಕೇ ಬೇಕು, ಏಕೆಂದರೆ ಪಿಯಾನೊ, ಸ್ಟ್ರಿಂಗ್ಸ್ ಥರದ ಸ್ಯಾಂಪಲ್ ವಾದ್ಯಗಳು (ನಿಜವಾದ ವಾದ್ಯದ ರೆಕಾರ್ಡಿಂಗ್‌ನಿಂದ ಮಾಡಿದವು) ರ‍್ಯಾಮ್‌ನಲ್ಲೇ ಕೂತು ನುಡಿಯುತ್ತವೆ. ಡಿಸ್ಕ್ ಎಸ್‌ಎಸ್‌ಡಿಯೇ ಆಗಿರಲಿ, 512 ಜಿಬಿಯಾದರೆ ಒಳ್ಳೆಯದು. ತಿರುಗುವ ಹಾರ್ಡ್‌ಡಿಸ್ಕ್ ನಿಧಾನ ಅನ್ನುವುದು ಒಂದು ತೊಂದರೆ. ಸಬ್‌ವೂಫರ್ ಪಕ್ಕದಲ್ಲಿ ಟೇಬಲ್ ಅದುರುತ್ತಿರುವಾಗ ಅದು ಓದುವುದನ್ನೇ ತಡಮಾಡುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ತೊಂದರೆ. ದುಡ್ಡು ಕೊಡುವ ಮುಂಚೆ ಒಂದೊಂದು ಯುಎಸ್‌ಬಿ ಪೋರ್ಟಿಗೂ ಪೆನ್‌ಡ್ರೈವ್ ಹಾಕಿ ಅಲ್ಲಾಡಿಸಿ ನೋಡಿ. ಸಡಿಲ ಪೋರ್ಟ್ ಇದ್ದರೆ ಆ ಲ್ಯಾಪ್‌ಟಾಪ್ ಎಷ್ಟೇ ಅಗ್ಗವಾದರೂ ಬೇಡ. ಕಾರ್ಯಕ್ರಮದ ಮಧ್ಯೆ ಡಿಜೆ ಕಂಟ್ರೋಲರಿನ (ಹಾಡು ಆಡಿಸಿ ಕೂಡಿಸುವ ಬಟನ್ ಹಲಗೆ) ಕೇಬಲ್ ಒಂದು ಕ್ಷಣ ಕಳಚಿಕೊಂಡರೂ ಸದ್ದು ನಿಂತೇ ಹೋಗುತ್ತದೆ.

ಆಪಲ್‌ನ ಎಂ1 ಚಿಪ್ ಇರುವ ಸೆಕೆಂಡ್ ಹ್ಯಾಂಡ್ ಮ್ಯಾಕ್ ಕೈಗೆಟುಕಿದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು, ಸದ್ದಿನ ವಿಷಯದಲ್ಲಿ ಅದು ತಕರಾರು ಮಾಡುವುದು ಕಡಿಮೆ. 4 ಜಿಬಿಯ ಹಳೆಯ ಲ್ಯಾಪ್‌ಟಾಪ್ ಒಂದೇ ಇದ್ದರೆ ಹಗುರವಾದ ಲಿನಕ್ಸ್ ಹಾಕಿ, ಮಿಕ್ಸ್ (Mixxx) ಅನ್ನುವ ಉಚಿತ ಡಿಜೆ ಸಾಫ್ಟ್‌ವೇರ್ ಇಟ್ಟುಕೊಂಡು ಕಲಿಕೆ ಶುರು ಮಾಡಿ. ಮುಂದಿನ ಹೆಜ್ಜೆಗಳನ್ನು ವಿಂಡೋಸ್ 11 ಇಟ್ಟುಕೊಂಡು ಹೇಳುತ್ತೇನೆ, ನಮ್ಮ ಕಡೆ ಹೆಚ್ಚಿನವರ ಕೈಯಲ್ಲಿರುವುದು ಅದೇ.

ಬಫರ್ ಅರ್ಥವಾದರೆ ಅರ್ಧ ಕೆಲಸ ಮುಗಿಯಿತು

ಸಿಡಿ ಗುಣಮಟ್ಟದ ಸದ್ದಿನಲ್ಲಿ ಸೆಕೆಂಡಿಗೆ 44,100 ತುಣುಕುಗಳಿರುತ್ತವೆ. ಕಂಪ್ಯೂಟರ್ ಇವನ್ನು ಒಂದೊಂದಾಗಿ ಕಳಿಸುವುದಿಲ್ಲ, ಕಂತು ಕಂತಾಗಿ ಸೌಂಡ್ ಕಾರ್ಡಿಗೆ ದಾಟಿಸುತ್ತದೆ. ಆ ಕಂತಿನ ಗಾತ್ರವೇ ಬಫರ್. 256 ಎಂದು ಇಟ್ಟರೆ ಪ್ರತಿ 5.8 ಮಿಲಿಸೆಕೆಂಡಿಗೆ ಒಂದು ಕಂತು ಸಿದ್ಧವಾಗಿರಬೇಕು. 128 ಆದರೆ 2.9, 512 ಆದರೆ 11.6, 1024 ಆದರೆ 23.2 ಮಿಲಿಸೆಕೆಂಡ್. ಒಂದು ಕಂತು ತಡವಾಯಿತೋ, ಟಪ್ ಎಂದು ಸದ್ದು ಕಡಿದುಹೋಗುತ್ತದೆ. ಇದು ಮನೆಯ ನೀರಿನ ಸಂಪಿನ ಹಾಗೆ. ಸಂಪು ದೊಡ್ಡದಿದ್ದರೆ ಟ್ಯಾಂಕರ್ ತಡವಾಗಿ ಬಂದರೂ ನಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಯಾವಾಗಲೂ ದೊಡ್ಡದೇ ಇಡಬಹುದಲ್ಲ? ಇಟ್ಟರೆ ನೀವು ಕೀ ಒತ್ತಿದ್ದಕ್ಕೂ ಸದ್ದು ಕೇಳುವುದಕ್ಕೂ ನಡುವೆ ಅಂತರ ಬೆಳೆಯುತ್ತದೆ. ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. 12 ಮಿಲಿಸೆಕೆಂಡ್ ತಡ ಅಂದರೆ ಸ್ಪೀಕರ್ 4 ಮೀಟರ್ ದೂರದಲ್ಲಿಟ್ಟು ಕೀಬೋರ್ಡ್ ನುಡಿಸಿದಂತೆ. ಅಷ್ಟಕ್ಕೆ ಕೈ ಹೊಂದಿಕೊಳ್ಳುತ್ತದೆ, ಮೂವತ್ತು ನಲವತ್ತಾದರೆ ತಾಳ ಜಾರುತ್ತದೆ.

ಅದಕ್ಕೇ ಕೆಲಸಕ್ಕೆ ತಕ್ಕ ಹಾಗೆ ಬಫರ್ ಬದಲಿಸುವ ಅಭ್ಯಾಸ ಮಾಡಿಕೊಳ್ಳಿ. ಕೀಬೋರ್ಡ್ ನುಡಿಸುವಾಗ, ಹಾಡುವವರನ್ನು ರೆಕಾರ್ಡ್ ಮಾಡುವಾಗ 128. ಪ್ಲಗಿನ್ (ಸಾಫ್ಟ್‌ವೇರಿಗೆ ಸೇರಿಸುವ ವಾದ್ಯ, ಎಫೆಕ್ಟ್‌ಗಳು) ತುಂಬಿಸಿ ಮಿಕ್ಸ್ ಮಾಡುವಾಗ 1024. ಸ್ಟೇಜಿನಲ್ಲಿ ಡಿಜೆಗೆ 256ರಿಂದ ಶುರು ಮಾಡಿ, ಸಣ್ಣ ಅನುಮಾನ ಬಂದರೂ 512ಕ್ಕೆ ಏರಿಸಿ. ಡಿಸ್ಕ್ ಹಿಂದೆಮುಂದೆ ತಿಕ್ಕುವ ಸ್ಕ್ರ್ಯಾಚ್ ಮಾಡದವರಿಗೆ 512ರಲ್ಲಿ ಏನೂ ನಷ್ಟವಿಲ್ಲ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ತುಣುಕು ಅನ್ನುವುದು) ಮಾತ್ರ ವಿಂಡೋಸ್, ಸೌಂಡ್ ಕಾರ್ಡ್, ಸಾಫ್ಟ್‌ವೇರ್ ಮೂರರಲ್ಲೂ ಒಂದೇ ಇರಲಿ. ಹೆಚ್ಚಿನ ಹಾಡುಗಳು 44.1 ಕಿಲೋಹರ್ಟ್ಸ್‌ನವು, ಅಂದರೆ 44,100 ತುಣುಕಿನವು, ಹಾಗಾಗಿ ಡಿಜೆಗೆ 44.1. ವೀಡಿಯೊಗೆ ಸಂಗೀತ ಮಾಡುವವರಿಗೆ 48.

ವಿಂಡೋಸ್ ಹದ ಮಾಡುವುದು

ಇಲ್ಲಿ ಅವಸರ ಬೇಡ, ಒಂದು ಭಾನುವಾರ ಪೂರ್ತಿ ಎತ್ತಿಡಿ. ಮೊದಲು ಬಾಕಿ ಇರುವ ಅಪ್‌ಡೇಟ್‌ಗಳೆಲ್ಲ ಮುಗಿಯಲಿ, ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಮೂಲ ಪ್ರೋಗ್ರಾಂ) ಮತ್ತು ಡ್ರೈವರ್‌ಗಳನ್ನೂ ಹೊಸದು ಮಾಡಿ.

ಆಮೇಲೆ ಪವರ್. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಪವರ್‌ಗೆ ಹೋಗಿ "ಬೆಸ್ಟ್ ಪರ್ಫಾರ್ಮೆನ್ಸ್" ಆರಿಸಿ. ಹಳೆಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ "ಹೈ ಪರ್ಫಾರ್ಮೆನ್ಸ್" ಪ್ಲಾನ್ ಕಂಡರೆ ಅದನ್ನು ಹಾಕಿ. ಈಚಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ "ಬ್ಯಾಲೆನ್ಸ್ಡ್" ಒಂದೇ ಇರುತ್ತದೆ, ಅದರಿಂದ ಗಾಬರಿ ಬೇಡ. ಪ್ಲಾನಿನ ಅಡ್ವಾನ್ಸ್ಡ್ ಭಾಗದಲ್ಲಿ "ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್" ಅನ್ನು ಬ್ಯಾಟರಿಗೂ ಕರೆಂಟಿಗೂ ಎರಡಕ್ಕೂ ಆಫ್ ಮಾಡಿ. ಡಿವೈಸ್ ಮ್ಯಾನೇಜರ್ ತೆರೆದು ಒಂದೊಂದು "ಯುಎಸ್‌ಬಿ ರೂಟ್ ಹಬ್" ಮೇಲೂ ಕ್ಲಿಕ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್ ಇರುವ ಕಡೆಯೆಲ್ಲ ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎನ್ನುವ ಟಿಕ್ ತೆಗೆಯಿರಿ. ಬ್ಯಾಟರಿ ಉಳಿಸುತ್ತೇನೆ ಅಂತ ವಿಂಡೋಸ್ ನಿಮ್ಮ ಕಂಟ್ರೋಲರನ್ನೇ ಮಲಗಿಸುವುದು ಈ ಎರಡು ಜಾಗದಿಂದ.

ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಸ್ಕೀಮ್ "ನೋ ಸೌಂಡ್ಸ್" ಮಾಡಿ. ವಿಂಡೋಸ್‌ನ ಡೀಫಾಲ್ಟ್ ಔಟ್‌ಪುಟ್ ಲ್ಯಾಪ್‌ಟಾಪಿನ ಸ್ವಂತ ಸ್ಪೀಕರ್ ಆಗಿರಲಿ. ಡಿಜೆ ಸಾಫ್ಟ್‌ವೇರ್‌ನಲ್ಲಿ ಮಾತ್ರ ಹೊರಗಿನ ಸೌಂಡ್ ಕಾರ್ಡ್ ಆರಿಸಿ. ಇಷ್ಟು ಮಾಡಿದರೆ ಧಾರೆ ಮುಹೂರ್ತದ ಹೊತ್ತಿಗೆ ವಾಟ್ಸಾಪ್ ಟಿಂಗ್ ಎಂದರೂ ಕಲ್ಯಾಣ ಮಂಟಪಕ್ಕೆಲ್ಲ ಕೇಳಿಸುವುದಿಲ್ಲ.

ಪ್ರಾಜೆಕ್ಟ್ ಮತ್ತು ಹಾಡುಗಳ ಫೋಲ್ಡರ್ "ಡಾಕ್ಯುಮೆಂಟ್ಸ್" ಒಳಗೆ ಬೇಡ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಒನ್‌ಡ್ರೈವ್ ಆ ಜಾಗವನ್ನು ಕ್ಲೌಡಿಗೆ ಏರಿಸುತ್ತಲೇ ಇರುತ್ತದೆ, ನೀವು ರೆಕಾರ್ಡ್ ಮಾಡುವ ಫೈಲಿನ ಮೇಲೂ ಕೈ ಹಾಕುತ್ತದೆ. ಸಿ ಡ್ರೈವಿನ ಬುಡದಲ್ಲೇ ಬೇರೆ ಫೋಲ್ಡರ್ ಮಾಡಿ. ಆ ಫೋಲ್ಡರಿಗೂ ಪ್ರಾಜೆಕ್ಟಿಗೂ ಇಂಗ್ಲಿಷ್ ಅಕ್ಷರದಲ್ಲೇ ಹೆಸರಿಡಿ. ಕನ್ನಡ ಲಿಪಿಯ ಹೆಸರು ಕಂಡರೆ ಕೆಲವು ಹಳೆಯ ಪ್ಲಗಿನ್‌ಗಳು ಫೈಲನ್ನೇ ತೆರೆಯುವುದಿಲ್ಲ. ವಿಂಡೋಸ್ ಡಿಫೆಂಡರ್ ಆಫ್ ಮಾಡಬೇಡಿ, ಈ ಫೋಲ್ಡರನ್ನು ಅದರ "ಎಕ್ಸ್‌ಕ್ಲೂಷನ್ಸ್" ಪಟ್ಟಿಗೆ ಸೇರಿಸಿದರೆ ಸಾಕು. ಬೂಟ್ ಆಗುವಾಗ ತಾನಾಗಿ ಏಳುವ ಆ್ಯಪ್‌ಗಳನ್ನು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಭಾಗದಲ್ಲಿ ನಿಲ್ಲಿಸಿ.

ಈಗ ಪರೀಕ್ಷೆ. ಲೇಟೆನ್ಸಿಮಾನ್ ಅನ್ನುವ ಸಣ್ಣ ಪ್ರೋಗ್ರಾಂ ಇದೆ, ಮನೆಬಳಕೆಗೆ ಉಚಿತ. ಹಾಡು ಹಾಕಿಕೊಂಡು ಇದನ್ನು ಅರ್ಧ ಗಂಟೆ ಓಡಿಸಿ. ಯಾವ ಡ್ರೈವರ್ ಪ್ರೊಸೆಸರನ್ನು ಹಿಡಿದಿಟ್ಟುಕೊಂಡು ಸದ್ದಿನ ಕಂತಿಗೆ ಅಡ್ಡ ನಿಲ್ಲುತ್ತಿದೆ ಎಂದು ಹೆಸರು ಹಿಡಿದು ತೋರಿಸುತ್ತದೆ. ಎನ್‌ಡಿಐಎಸ್ ಎಂದು ಬಂದರೆ ನೆಟ್‌ವರ್ಕಿನದು, ಅಂದರೆ ಸಾಮಾನ್ಯವಾಗಿ ವೈಫೈ. ವೈಫೈ ಆಫ್ ಮಾಡಿ ಮತ್ತೆ ಓಡಿಸಿ, ಕೆಂಪು ಪಟ್ಟಿ ಹಸಿರಿಗೆ ಇಳಿದರೆ ಕಳ್ಳ ಸಿಕ್ಕಿದ ಹಾಗೆ. ಎಸಿಪಿಐ ಎಂದು ಬಂದರೆ ಬ್ಯಾಟರಿ ಮತ್ತು ಪವರ್ ಸಂಬಂಧಿಸಿದ್ದು, ಬಯಾಸ್ ಅಪ್‌ಡೇಟ್ ಮಾಡಿ ನೋಡಬೇಕು. ಎನ್‌ವಿ ಎಂದು ಶುರುವಾಗುವ ಉದ್ದನೆಯ ಹೆಸರು ಬಂದರೆ ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್. ಸೌಂಡ್ ಕಾರ್ಡಿಗೆ ಸಾವಿರಗಟ್ಟಲೆ ಸುರಿಯುವ ಮುಂಚೆ ಈ ಪರೀಕ್ಷೆ ಮಾಡಿ. ಹೊಸ ಕಾರ್ಡ್ ತಂದರೂ ಹಳೆಯ ಟಪ್ ಟಪ್ ಹೋಗದಿರುವುದಕ್ಕೆ ಉತ್ತರ ಇಲ್ಲೇ ಇರುತ್ತದೆ. ಒಂದೇ ಕ್ಲಿಕ್ಕಿನಲ್ಲಿ ಪಿಸಿ ವೇಗ ಹೆಚ್ಚಿಸುತ್ತೇವೆ ಎನ್ನುವ ಆಪ್ಟಿಮೈಸರ್‌ಗಳ ತಂಟೆಗೆ ಮಾತ್ರ ಹೋಗಬೇಡಿ.

ಇನ್ನು ಬಿಸಿ ಮತ್ತು ದೂಳು. ಕಲ್ಲಿನ ಕ್ರಷರ್ ಹತ್ತಿರದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ಯಾನಿನ ರೆಕ್ಕೆಗೆ ದೂಳು ಹೆಪ್ಪುಗಟ್ಟಿದರೆ ಏಪ್ರಿಲ್ ಮಧ್ಯಾಹ್ನ ಲ್ಯಾಪ್‌ಟಾಪ್ ಕಾದು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಆಗ ಐ7 ಕೂಡ ಐ3 ಆಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಕ್ಲೀನ್ ಮಾಡಿಸಿ. ಹಾಸಿಗೆ, ದಿಂಬಿನ ಮೇಲೆ ಇಟ್ಟು ಕೆಲಸ ಮಾಡಬೇಡಿ.

ಸೌಂಡ್ ಕಾರ್ಡ್ ಮತ್ತು ಹೆಡ್‌ಫೋನ್

ಡಿಜೆಗೆ ಎರಡು ಬೇರೆ ಬೇರೆ ಸದ್ದು ಬೇಕು: ಜನಕ್ಕೆ ಒಂದು, ಮುಂದಿನ ಹಾಡು ಹದಮಾಡಲು ನಿಮ್ಮ ಕಿವಿಗೆ ಇನ್ನೊಂದು. ಲ್ಯಾಪ್‌ಟಾಪಿನ ಒಂದು ಜಾಕ್ ಇದನ್ನು ಸರಿಯಾಗಿ ಮಾಡಲಾರದು. ಡಿಜೆ ಕಂಟ್ರೋಲರ್ ಒಳಗೇ ನಾಲ್ಕು ಔಟ್‌ಪುಟ್ಟಿನ (ಎಡ-ಬಲದ ಎರಡು ಜೊತೆ) ಸೌಂಡ್ ಕಾರ್ಡ್ ಇದೆಯೇ, ಯಾವ ಸಾಫ್ಟ್‌ವೇರನ್ನು ಅದು ತೆರೆದುಕೊಡುತ್ತದೆ, ಇವೆರಡನ್ನು ಕೇಳಿಯೇ ದುಡ್ಡು ಕೊಡಿ. ಉದಾಹರಣೆಗೆ ಪಯೋನೀರ್‌ನ ಡಿಡಿಜೆ-ಎಫ್‌ಎಲ್‌ಎಕ್ಸ್4 ರೆಕಾರ್ಡ್‌ಬಾಕ್ಸ್, ಸೆರಾಟೊ ಎನ್ನುವ ಎರಡು ಡಿಜೆ ಸಾಫ್ಟ್‌ವೇರಿಗೂ ಹೊಂದುತ್ತದೆ. ಕಂಟ್ರೋಲರ್ ಇನ್ನೂ ಕೊಂಡಿಲ್ಲ ಎನ್ನುವವರು ಒಂದು ಬದಿ ಸ್ಪೀಕರಿಗೆ, ಇನ್ನೊಂದು ಬದಿ ಹೆಡ್‌ಫೋನಿಗೆ ಒಡೆಯುವ ಡಿಜೆ ಸ್ಪ್ಲಿಟರ್ ಕೇಬಲ್‌ನಿಂದ ಮನೆಯಲ್ಲಿ ಕಲಿಯಬಹುದು. ಸದ್ದು ಮೋನೊ ಆಗುತ್ತದೆ, ಕಲಿಕೆಗೆ ಅಡ್ಡಿಯಿಲ್ಲ.

ಪ್ರೊಡಕ್ಷನ್‌ಗೆ ಎರಡು ಇನ್‌ಪುಟ್ಟಿನ ಯುಎಸ್‌ಬಿ ಇಂಟರ್‌ಫೇಸ್ (ಹೊರಗಿನ ಸೌಂಡ್ ಕಾರ್ಡ್) ಸಾಕು. ಅದರ ಕಂಪನಿಯದೇ ಏಸಿಯೊ (ASIO) ಡ್ರೈವರ್ ಇರಬೇಕು ಅನ್ನುವುದು ಮುಖ್ಯ. ವಿಂಡೋಸ್‌ನ ಸದ್ದು ಬೆರೆಸುವ ಭಾಗವನ್ನು ಬದಿಗಿಟ್ಟು ನೇರವಾಗಿ ಕಾರ್ಡಿಗೆ ಹೋಗುವ ದಾರಿ ಅದು, 1997ರಲ್ಲಿ ಸ್ಟೈನ್‌ಬರ್ಗ್ ಕಂಪನಿ ತಂದದ್ದು. ಇಂಟರ್‌ಫೇಸ್ ಇಲ್ಲದವರಿಗೆ ಏಸಿಯೊ4ಆಲ್ ಎನ್ನುವ ಉಚಿತ ಡ್ರೈವರ್ ತಾತ್ಕಾಲಿಕ ದಾರಿ. ಕಂಟ್ರೋಲರನ್ನಾಗಲಿ ಇಂಟರ್‌ಫೇಸನ್ನಾಗಲಿ ಅಗ್ಗದ ಯುಎಸ್‌ಬಿ ಹಬ್ಬಿಗೆ ಚುಚ್ಚಬೇಡಿ, ನೇರ ಲ್ಯಾಪ್‌ಟಾಪಿಗೆ ಹಾಕಿ.

ಹೆಡ್‌ಫೋನ್ ಕಿವಿ ಮುಚ್ಚುವಂಥದ್ದು, ವೈರಿನದೇ ಆಗಬೇಕು. ಬ್ಲೂಟೂತ್ ಹೆಡ್‌ಫೋನ್ ಸಾಮಾನ್ಯವಾಗಿ ನೂರಕ್ಕೂ ಹೆಚ್ಚು ಮಿಲಿಸೆಕೆಂಡ್ ತಡ ಮಾಡುತ್ತದೆ. ಅದರಲ್ಲಿ ಬೀಟ್ ಕೂಡಿಸಲು ಯಾರಿಂದಲೂ ಆಗದು.

ಕರೆಂಟು ಮತ್ತು ಅರ್ಥಿಂಗ್

ಸ್ಪೀಕರಿನಲ್ಲಿ ಸದಾ "ಹ್ಞೂಂ" ಎಂಬ ಗುಂಯಿಗುಡುವಿಕೆ ಕೇಳುತ್ತಿದ್ದರೆ ಚಾರ್ಜರ್ ಕಿತ್ತು ನೋಡಿ. ಸದ್ದು ಹೋಯಿತು ಅಂದರೆ ತೊಂದರೆ ಅರ್ಥಿಂಗಿನದು, ನಮ್ಮ ಕರೆಂಟಿನ 50 ಹರ್ಟ್ಸ್ ಕಂಪನ ಸದ್ದಿನ ದಾರಿಗೆ ನುಗ್ಗುತ್ತಿದೆ. ನಮ್ಮದು ಬಯಲುಸೀಮೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಹೆಸರಿಗೆ ಮಾತ್ರ ಉಳಿದಿರುತ್ತದೆ. ಗುಂಡಿಗೆ ಆಗಾಗ ನೀರು ಹಾಕಿ, ಎಲೆಕ್ಟ್ರಿಷಿಯನ್‌ಗೆ ಹೇಳಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ಇದೆ ಎಂದು ಅಳೆಸಿ. ಎರಡು ಮೂರು ವೋಲ್ಟ್ ದಾಟಿದ್ದರೆ ವೈರಿಂಗ್ ನೋಡಿಸಬೇಕು. ಗುಂಯ್ ಹೋಗುತ್ತದೆಂದು ಪ್ಲಗ್ಗಿನ ದಪ್ಪ ಪಿನ್ ಮುರಿದುಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಜೀವಕ್ಕೆ ಅಪಾಯ. ಲ್ಯಾಪ್‌ಟಾಪ್, ಇಂಟರ್‌ಫೇಸ್, ಸ್ಪೀಕರ್ ಮೂರನ್ನೂ ಒಂದೇ ಸ್ಪೈಕ್ ಬೋರ್ಡಿಗೆ ಹಾಕಿ, ಸ್ಪೀಕರಿಗೆ ಗುಂಯ್ ತಡೆಯುವ ಬ್ಯಾಲೆನ್ಸ್ಡ್ ಕೇಬಲ್ (ಟಿಆರ್‌ಎಸ್ ಅಥವಾ ಎಕ್ಸ್‌ಎಲ್‌ಆರ್ ಪಿನ್ನಿನದು) ಬಳಸಿ. ಮುಕ್ಕಾಲು ಪಾಲು ತೊಂದರೆ ಅಲ್ಲೇ ಮುಗಿಯುತ್ತದೆ.

ಕರೆಂಟ್ ಹೋದಾಗ ಮನೆಯ ಇನ್ವರ್ಟರ್‌ನಿಂದ ಕರಕರ ಸದ್ದು ಬಂದರೆ ಅದು ಸ್ಕ್ವೇರ್ ವೇವ್ ಮಾದರಿಯದಿರಬೇಕು. ಸಂಗೀತಕ್ಕೆ ಸೈನ್ ವೇವ್ ಇನ್ವರ್ಟರೇ ಆಗಬೇಕು.

ಸಾಫ್ಟ್‌ವೇರ್

ಡಿಜೆಗೆ ಮಿಕ್ಸ್ ಪೂರ್ತಿ ಉಚಿತ, ಮುಕ್ತ. ಸೆರಾಟೊ ಡಿಜೆ ಲೈಟ್ ಉಚಿತ. ರೆಕಾರ್ಡ್‌ಬಾಕ್ಸ್ ತನಗೆ ಹೊಂದುವ ಕಂಟ್ರೋಲರ್ ಚುಚ್ಚಿದರೆ ತೆರೆದುಕೊಳ್ಳುತ್ತದೆ. ಟ್ರ್ಯಾಕ್ ಕಟ್ಟಲು ನನ್ನ ಸಲಹೆ ರೀಪರ್: 60 ದಿನ ಯಾವ ಕಡಿವಾಣವೂ ಇಲ್ಲದೆ ಬಳಸಿ ನೋಡಬಹುದು, ಆಮೇಲೆ ರಿಯಾಯಿತಿ ಲೈಸೆನ್ಸ್ 60 ಡಾಲರ್, ಹಳೆಯ ಲ್ಯಾಪ್‌ಟಾಪಿನಲ್ಲೂ ಹಗುರವಾಗಿ ಓಡುತ್ತದೆ. ಬೀಟ್ ಕಟ್ಟುವ ಹುಡುಗರಿಗೆ ಎಫ್‌ಎಲ್ ಸ್ಟುಡಿಯೊ ಬೇಗ ಕೈಗೆ ಹತ್ತುತ್ತದೆ, ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೂ ಉಚಿತ. ಅದರ ಟ್ರಯಲ್‌ನಲ್ಲಿ ಪ್ರಾಜೆಕ್ಟ್ ಸೇವ್ ಆಗುತ್ತದೆ, ಆದರೆ ಮತ್ತೆ ತೆರೆಯಲು ಲೈಸೆನ್ಸ್ ಬೇಕು. ಇದು ತಿಳಿಯದೆ ಒಂದು ವಾರದ ಕೆಲಸ ಬೀಗ ಹಾಕಿಸಿಕೊಳ್ಳಬೇಡಿ.

ಕ್ರ್ಯಾಕ್ ಪ್ರತಿ ಬೇಡ. ಅದನ್ನು ಹಾಕಲು ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಅನ್ನುತ್ತಾರೆ, ಅಲ್ಲಿಗೆ ಮನೆಯ ಬಾಗಿಲು ತೆಗೆದಿಟ್ಟ ಹಾಗಾಯಿತು. ಅದೇ ಲ್ಯಾಪ್‌ಟಾಪಿನಲ್ಲಿ ನಿಮ್ಮ ಬ್ಯಾಂಕ್ ಲೆಕ್ಕವೂ ಇರುತ್ತದೆ.

ಹಾಡುಗಳ ಲೈಬ್ರರಿ

ನಮ್ಮ ಜಿಲ್ಲೆಯ ಮದುವೆಯಲ್ಲಿ ಕನ್ನಡ, ತೆಲುಗು, ಹಿಂದಿ ಮೂರೂ ಒಂದೇ ಅರ್ಧ ಗಂಟೆಯಲ್ಲಿ ಬೇಕಾಗುತ್ತವೆ. ಬಾಗೇಪಲ್ಲಿ ಕಡೆ ತೆಲುಗು ಮುಂದೆ, ಕೆಜಿಎಫ್ ಕಡೆ ಹೋದರೆ ತಮಿಳೂ ಸೇರುತ್ತದೆ. ಹಾಗಾಗಿ ಭಾಷೆಗೊಂದು ಪ್ಲೇಲಿಸ್ಟ್, ಸಂದರ್ಭಕ್ಕೊಂದು ಪ್ಲೇಲಿಸ್ಟ್ ಮಾಡಿ: ಆರತಕ್ಷತೆ, ಮೆರವಣಿಗೆ, ಊಟದ ಹೊತ್ತು. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಿ, ಇಲ್ಲದಿದ್ದರೆ ಜನ ಕೂಗುತ್ತಿರುವಾಗ ಹಾಡು ಹುಡುಕಿ ಸಿಗುವುದಿಲ್ಲ.

ಹಾಡುಗಳನ್ನು ಲೈಬ್ರರಿಗೆ ಹಾಕಿದ ಮೇಲೆ ಎಲ್ಲದರ ವೇಗ, ಬೀಟನ್ನು ಸಾಫ್ಟ್‌ವೇರಿನಿಂದ ಮನೆಯಲ್ಲೇ ಅನಲೈಸ್ ಮಾಡಿಸಿ, ಸ್ಟೇಜಿನ ಮೇಲೆ ಆ ಭಾರ ಬೀಳಬಾರದು. ಕಂಪ್ಯೂಟರಿನಲ್ಲಿ ಕಟ್ಟಿದ ಹಾಡಿನ ವೇಗ ಮೊದಲಿನಿಂದ ಕೊನೆವರೆಗೆ ಒಂದೇ, ಬೀಟ್‌ಗ್ರಿಡ್ (ಪೆಟ್ಟು ಬೀಳುವ ಕಡೆ ಸಾಫ್ಟ್‌ವೇರ್ ಎಳೆಯುವ ಗೆರೆಗಳು) ಸರಿಯಾಗಿ ಕೂರುತ್ತದೆ. ಜನಪದ ಗೀತೆ, ತಮಟೆ ಮೇಳ, ಹಳೆಯ ಚಿತ್ರಗೀತೆಗಳಲ್ಲಿ ವೇಗ ಏರುತ್ತ ಇಳಿಯುತ್ತ ಹೋಗುತ್ತದೆ. ಸಾಫ್ಟ್‌ವೇರ್ ಒಂದೇ ವೇಗ ಎಂದುಕೊಂಡು ಗೆರೆ ಎಳೆದರೆ ಎರಡನೇ ಚರಣದ ಹೊತ್ತಿಗೆ ಗೆರೆ ಒಂದು ಕಡೆ, ಪೆಟ್ಟು ಒಂದು ಕಡೆ. ಇಂಥ ಹಾಡಿಗೆ ಮಿಕ್ಸ್‌ನಲ್ಲಿ "ಅಸ್ಯೂಮ್ ಕಾನ್‌ಸ್ಟಂಟ್ ಟೆಂಪೊ" ಟಿಕ್ ತೆಗೆಯಿರಿ, ರೆಕಾರ್ಡ್‌ಬಾಕ್ಸ್‌ನಲ್ಲಿ "ಡೈನಾಮಿಕ್" ಅನಲಿಸಿಸ್ ಆರಿಸಿ. ಆಮೇಲೂ ಎರಡು ಹಾಡಿನ ಬೀಟನ್ನು ತಾನೇ ಕೂಡಿಸುವ ಸಿಂಕ್ ಬಟನ್ ನಂಬಬೇಡಿ, ಕಿವಿಯಿಂದಲೇ ಕೂಡಿಸಿ. 70 ಬಿಪಿಎಂ (ನಿಮಿಷಕ್ಕೆ 70 ಬೀಟ್) ಹಾಡನ್ನು 140 ಎಂದು ತೋರಿಸುವುದೂ ಸಾಮಾನ್ಯ, ಒಂದು ಬಟನ್ನಿನಲ್ಲಿ ಅರ್ಧ ಮಾಡಬಹುದು.

ನಮ್ಮ ಸದ್ದನ್ನೇ ಸ್ಯಾಂಪಲ್ ಮಾಡಿ

ಹೊರದೇಶದ ಡ್ರಮ್ ಪ್ಯಾಕ್ ಎಲ್ಲರ ಹತ್ತಿರವೂ ಇದೆ. ತಮಟೆ ನಮ್ಮ ಹತ್ತಿರ ಇದೆ. ನಮ್ಮ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಅಂಥ ವಾದ್ಯ ಪಕ್ಕದ ಬೀದಿಯಲ್ಲಿರುವಾಗ ಅದನ್ನು ಚೆನ್ನಾಗಿ ರೆಕಾರ್ಡ್ ಮಾಡಿಕೊಳ್ಳುವುದು ಕಲಿಯಲೇಬೇಕು.

ತಮಟೆಯನ್ನು ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಕಾದಾಗ ಚರ್ಮ ಬಿಗಿದು ಸದ್ದು ಖಣಖಣ ಎನ್ನುತ್ತದೆ, ಆರುತ್ತಾ ಹೋದಂತೆ ಶ್ರುತಿ ಇಳಿಯುತ್ತದೆ. ಹಾಗಾಗಿ ಮೈಕ್, ಕೇಬಲ್, ಲೆವೆಲ್ ಎಲ್ಲ ಸಿದ್ಧವಾದ ಮೇಲೆ ಕಾಯಿಸಲು ಹೇಳಿ. ಬೆಂಕಿಯಿಂದ ತೆಗೆದ ಮೊದಲ ಕೆಲವು ನಿಮಿಷಗಳೇ ಬಂಗಾರ. ಒಂದು ತಾಳವನ್ನು ನಡುವೆ ನಿಲ್ಲಿಸಿ ಆಮೇಲೆ ಮುಂದುವರಿಸಿದರೆ ಎರಡು ತುಂಡಿನ ಶ್ರುತಿ ಕೂಡುವುದಿಲ್ಲ, ಮತ್ತೆ ಕಾಯಿಸಿ ಮೊದಲಿಂದ ಬಾರಿಸಲಿ.

ಡೈನಮಿಕ್ ಮೈಕ್ ಸಾಕು. ಮೂರು ನಾಲ್ಕು ಅಡಿ ದೂರದಲ್ಲಿ, ಚರ್ಮಕ್ಕೆ ನೇರ ಎದುರಾಗದೆ ಸ್ವಲ್ಪ ಓರೆಯಾಗಿ ನಿಲ್ಲಿಸಿ. ತೀರಾ ಹತ್ತಿರ ಇಟ್ಟರೆ ಕಡ್ಡಿಯ ಚಟಪಟ ಮಾತ್ರ ಸಿಕ್ಕಿ, ಹಿಂದಿನ ಗುಡುಗು ತಪ್ಪಿಹೋಗುತ್ತದೆ. "ಜೋರಾಗಿ ಬಾರಿಸಿ ಅಣ್ಣ" ಎಂದು ಕೇಳಿ, ಅತಿ ಜೋರಿನ ಪೆಟ್ಟು ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ಬರುವಂತೆ ಮೈಕಿನ ಗೇನ್ ಇಡಿ. ಹುರುಪು ಬಂದ ಮೇಲೆ ಪೆಟ್ಟು ಇನ್ನೂ ಏರುತ್ತದೆ, ಆ ಜಾಗ ಅದಕ್ಕೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಸದ್ದು ಮೆಲ್ಲಗಿದ್ದರೂ ಆಮೇಲೆ ಎತ್ತಬಹುದು, ಒಡೆದ ಸದ್ದನ್ನು ಸರಿಮಾಡಲು ಆಗುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನ ಮೋನೊ ರೆಕಾರ್ಡಿಂಗ್ ನಿಮಿಷಕ್ಕೆ ಸುಮಾರು 8.6 ಎಂಬಿ ಹಿಡಿಯುತ್ತದೆ, ಜಾಗಕ್ಕೆ ಜಿಪುಣತನ ಬೇಡ. ಕಾಂಕ್ರೀಟ್ ಕೋಣೆಗಿಂತ ಗಾಳಿಯಿಲ್ಲದ ಹೊತ್ತಿನ ತೋಟವೇ ವಾಸಿ. ಬಾರಿಸಿದವರಿಗೆ ದುಡ್ಡು ಕೊಡಿ, ಟ್ರ್ಯಾಕಿನಲ್ಲಿ ಹೆಸರು ಹಾಕಿ.

ಕೋಣೆ

ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗಲಿ, ಮೇಲಿನ ಸಣ್ಣ ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ಚಪ್ಪಾಳೆ ತಟ್ಟಿದಾಗ ಝಣ್ ಎಂದು ಮರುದನಿ ಬಂದರೆ ಪಕ್ಕದ ಗೋಡೆಗೆ ದಪ್ಪ ಕಂಬಳಿ, ಬೀರು, ಪುಸ್ತಕದ ಕಪಾಟು ಏನಾದರೂ ಬರಲಿ. ಮೊಟ್ಟೆ ಟ್ರೇ ಅಂಟಿಸಿ ಪ್ರಯೋಜನವಿಲ್ಲ. ಬೇಸ್ ಎಷ್ಟಿದೆ ಎಂದು ತಿಳಿಯಲು ಹೆಡ್‌ಫೋನಿನಲ್ಲೂ ಕಾರಿನಲ್ಲೂ ಕೇಳಿ.

ಕಾರ್ಯಕ್ರಮದ ಹಿಂದಿನ ದಿನ

ವಿಂಡೋಸ್ ಅಪ್‌ಡೇಟನ್ನು ಕಾರ್ಯಕ್ರಮ ಮುಗಿಯುವವರೆಗೆ ತಡೆದಿಡಿ (pause). ಸ್ಟೇಜಿನಲ್ಲಿ ಬಳಸುವ ಇದೇ ಕೇಬಲ್, ಇದೇ ಪೋರ್ಟ್, ಇದೇ ಬಫರ್‌ನಲ್ಲಿ ಎರಡು ಗಂಟೆ ಬಿಡದೆ ನುಡಿಸಿ ನೋಡಿ, ವೈಫೈ ಬ್ಲೂಟೂತ್ ಎರಡೂ ಆಫ್. ಮುಖ್ಯ ಹಾಡುಗಳನ್ನು ಪೆನ್‌ಡ್ರೈವಿಗೂ ಹಾಕಿಕೊಳ್ಳಿ. ಸ್ಟೇಜಿನ ಪ್ಲೇಯರ್‌ಗಳು ಸಾಮಾನ್ಯವಾಗಿ ಎಫ್‌ಎಟಿ32 ಫಾರ್ಮ್ಯಾಟ್ ಓದುತ್ತವೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂಟಿ ಫೈಲ್ ಹಿಡಿಸದು. ಪ್ರಾಜೆಕ್ಟ್‌ಗಳ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿರಲಿ, ಆ ಡಿಸ್ಕ್ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬೇಡ, ಮನೆಯಲ್ಲಿರಲಿ.

ಜಾಗಕ್ಕೆ ಹೋದ ಮೇಲೆ ಲ್ಯಾಪ್‌ಟಾಪನ್ನು ಹೊಗೆ ಯಂತ್ರ, ಲೈಟು ಇರುವ ಬೋರ್ಡಿಗೆ ಹಾಕಬೇಡಿ. ಹೊಗೆ ಯಂತ್ರದ ಹೀಟರ್ ಆನ್ ಆದಾಗಲೆಲ್ಲ ಜನರೇಟರ್ ಕರೆಂಟ್ ಕುಸಿಯುತ್ತದೆ. ಸಣ್ಣ ಯುಪಿಎಸ್ ನಡುವೆ ಇಡಿ, ಬ್ಯಾಟರಿ ಪೂರ್ತಿ ತುಂಬಿರಲಿ. ಮಾಸ್ಟರ್ ಲೆವೆಲ್ ಹಸಿರಲ್ಲೇ ಇರಲಿ, ಜೋರು ಬೇಕಾದರೆ ಆಂಪ್ಲಿಫೈಯರ್‌ನಲ್ಲಿ ಏರಿಸಿ. ಕಂಟ್ರೋಲರ್‌ನಲ್ಲಿ ಕೆಂಪು ಮುಟ್ಟಿಸಿದರೆ ಒಡೆದ ಸದ್ದು ಸ್ಪೀಕರಿನ ಟ್ವೀಟರ್ ಸುಡುತ್ತದೆ. ಶಬ್ದಮಾಲಿನ್ಯ ನಿಯಮ 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಆದ್ದರಿಂದ ಕೊನೆಯ ಹಾಡು ಯಾವುದೆಂದು 9.45ಕ್ಕೇ ಕರೆದವರ ಹತ್ತಿರ ಮಾತಾಡಿಕೊಳ್ಳಿ. ಎಲ್ಲ ಮುಗಿಸಿ ಬಂದ್ ಮಾಡುವಾಗ ಮೊದಲು ಆಂಪ್ಲಿಫೈಯರ್ ಆಫ್, ಆಮೇಲೆ ಕಂಟ್ರೋಲರ್, ಕೊನೆಗೆ ಲ್ಯಾಪ್‌ಟಾಪ್.